ಚಳಿಗಾಲ, ಎರಡು ಮಕ್ಕಳು, ಐದು ಕೆಜಿ ಅವರೆಕಾಯಿ

ಬೆಂಗಳೂರಿನ ಚಳಿಯನ್ನು ಚಳಿ ಅಂತ ಒಪ್ಪೋಕೆ ನಮ್ಮ ಆಫೀಸಿನ ದೆಹಲಿ ಕಡೆಯವರು ಸುತರಾಂ ತಯಾರಿಲ್ಲ. "ಹದಿನೈದು ಡಿಗ್ರಿಗೆಲ್ಲಾ ಸ್ವೆಟರಾ?" ಅಂತ ನಗ್ತಾರೆ. ನಗಲಿ ಬಿಡಿ. ಹವಾಮಾನ ಇಲಾಖೆಯ ದಾಖಲೆ ತೆಗೆದರೆ ಈ ಊರು 7.8 ಡಿಗ್ರಿಯನ್ನೂ ನೋಡಿದೆ, 1884ರ ಜನವರಿ 13ರಂದು. ಅಷ್ಟು ಹಿಂದಕ್ಕೆ ಹೋಗೋದೂ ಬೇಡ. ಡಿಸೆಂಬರ್‌ನಲ್ಲಿ ಬೆಳಗ್ಗೆ ಆರೂವರೆಗೆ ಉತ್ತರಹಳ್ಳಿಯ ನಮ್ಮ ಮನೆ ಟೈಲ್ಸ್ ಮೇಲೆ ಬರಿಗಾಲಲ್ಲಿ ಎರಡು ನಿಮಿಷ ನಿಂತು ನೋಡಲಿ, ಆಮೇಲೆ ಮಾತಾಡೋಣ.

ನಮ್ಮ ಕಡೆ ಮನೆ ಕಟ್ಟೋದೇ ಬೇಸಿಗೆಯನ್ನು ಮನಸ್ಸಲ್ಲಿಟ್ಟುಕೊಂಡು. ಹೀಟರ್ ಇಲ್ಲ, ಕಾರ್ಪೆಟ್ ಇಲ್ಲ, ಕಿಟಕಿ ಸಂದಿಯಲ್ಲಿ ಗಾಳಿ. ನೆಲ, ಗೋಡೆ ಎರಡೂ ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡು ಮಧ್ಯಾಹ್ನದವರೆಗೂ ಬಿಡಲ್ಲ. ಹತ್ತೂವರೆ ಹೊತ್ತಿಗೆ ಹೊರಗೆ ಹಿತವಾದ ಬಿಸಿಲು ಬಂದಿರುತ್ತೆ, ಒಳಗೆ ಮಾತ್ರ ನಾವು ಇನ್ನೂ ಸಾಕ್ಸ್ ಹಾಕ್ಕೊಂಡೇ ಓಡಾಡ್ತಿರ್ತೀವಿ. ಟೊರೊಂಟೊದಲ್ಲಿರೋ ನನ್ನಕ್ಕ ವಿಡಿಯೊ ಕಾಲ್‌ನಲ್ಲಿ ನಮ್ಮ ಮಕ್ಕಳನ್ನ ನೋಡಿ ಬಿದ್ದೂ ಬಿದ್ದೂ ನಗ್ತಾಳೆ. "ನಮ್ಮನೆ ಒಳಗೆ ಇಪ್ಪತ್ತೊಂದು ಡಿಗ್ರಿ ಕಣೇ, ಇವರಿಬ್ಬರೂ ಟೀ ಶರ್ಟಲ್ಲಿ ಇದಾರೆ. ನಿಮ್ಮವು ಮನೆ ಒಳಗೇ ಮಂಕಿ ಕ್ಯಾಪ್!" ಅವಳ ಮಕ್ಕಳ ಸ್ಕೂಲಲ್ಲಿ ಮೈನಸ್ ಹತ್ತರಲ್ಲೂ ಸ್ನೋ ಸೂಟ್ ತೊಡಿಸಿ ಬಿಡುವಿನ ಹೊತ್ತಿಗೆ ಹೊರಗೆ ಬಿಡ್ತಾರಂತೆ. ನಾರ್ವೆ, ಫಿನ್ಲೆಂಡ್ ಕಡೆ ಎಳೆ ಮಕ್ಕಳನ್ನೇ ತಳ್ಳುಗಾಡಿಯಲ್ಲಿ ಬೆಚ್ಚಗೆ ಹೊದಿಸಿ ಹಿಮದ ದಿನವೂ ಹೊರಗೆ ಮಲಗಿಸೋ ವಾಡಿಕೆ ಇದೆ.

ನನಗೂ ಹೊರಗೆ ಬಿಡೋಕೇ ಇಷ್ಟ. ಆದರೆ ನಮ್ಮ ಪುಟ್ಟನಿಗೆ ವೀಜಿಂಗ್ ಇದೆ.

ಪುಟ್ಟನಿಗೀಗ ಮೂರೂವರೆ ವರ್ಷ. ಕಳೆದ ಚಳಿಗಾಲದಲ್ಲಿ ಎರಡು ಸಲ ಮಧ್ಯರಾತ್ರಿ ಅವನ ಎದೆಯಿಂದ ಸಣ್ಣ ಸೀಟಿ ಊದಿದ ಹಾಗೆ ಸದ್ದು ಬಂತು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳೋದನ್ನ ಒಮ್ಮೆ ನೋಡಿದ ತಾಯಿಗೆ ಆ ಸದ್ದು ನಿದ್ದೆಯಲ್ಲೂ ಗೊತ್ತಾಗುತ್ತೆ. ನಮ್ಮ ಮಕ್ಕಳ ಡಾಕ್ಟರ್ ಸಮಾಧಾನದ ಮನುಷ್ಯ, ಕೂರಿಸಿ ವಿವರಿಸಿದರು. ಚಳಿಯಿಂದ ನೆಗಡಿ ಬರಲ್ಲ, ಅದು ವೈರಸ್ ಕೆಲಸ. ಆದರೆ ಇಂಥ ಮಕ್ಕಳ ಶ್ವಾಸನಾಳ ಸೂಕ್ಷ್ಮ, ತಣ್ಣನೆಯ ಒಣಗಾಳಿ ತಾಗಿದರೆ ಬಿಗಿಯಾಗುತ್ತೆ. ಜೊತೆಗೆ ನಮ್ಮೂರ ಚಳಿಗಾಲದ ಬೆಳಗಿನ ಗಾಳಿಯೂ ಅಷ್ಟು ಒಳ್ಳೇದಲ್ಲ. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತೆ, ಮೇಲಿನ ಬೆಚ್ಚನೆ ಗಾಳಿ ಅದರ ಮೇಲೆ ಮುಚ್ಚಳ ಹಾಕಿದ ಹಾಗೆ. ಗಾಡಿಗಳ ಹೊಗೆ, ಕೆಲಸ ಮುಗಿಯದ ರಸ್ತೆಯ ಧೂಳು, ಬೀದಿ ಮೂಲೆಯಲ್ಲಿ ಕಸ ಗುಡ್ಡೆ ಮಾಡಿ ಹಚ್ಚಿದ ಬೆಂಕಿ, ಎಲ್ಲವೂ ಆ ಮುಚ್ಚಳದ ಕೆಳಗೆ. ಬಿಸಿಲು ಏರಿದ ಮೇಲೇ ಅದು ತೆರೆಯೋದು.

ಹಾಗಾಗಿ ನಮ್ಮನೆ ಕಾನೂನು: ಬೆಳಗ್ಗೆ ಹತ್ತರ ಒಳಗೆ, ಸಂಜೆ ಐದೂವರೆ ಮೇಲೆ ಪುಟ್ಟ ಹೊರಗಿಲ್ಲ. ಮೋಡ ಮುಚ್ಚಿ ಜಡಿ ಹಿಡಿದ ದಿನ ಇಡೀ ದಿನ ಒಳಗೆ, ಪ್ಲೇ ಸ್ಕೂಲಿಗೂ ರಜ. ಇದು ಅವನಿಗೆ ಅಂತ ಕೊಟ್ಟ ಸಲಹೆ. ಉಸಿರಾಟದ ತೊಂದರೆ ಇಲ್ಲದ ಮಕ್ಕಳನ್ನ ದಯವಿಟ್ಟು ನನ್ನ ಲೇಖನ ಓದಿ ಕೂಡಿಹಾಕಬೇಡಿ, ಸ್ವೆಟರ್ ಹಾಕಿ ಬಿಟ್ಟುಬಿಡಿ.

ಒಳಗೆ ಅಂದ್ರೆ ಎಷ್ಟು ಒಳಗೆ? ಎರಡು ಬೆಡ್‌ರೂಮಿನ ಮನೆ, ಎರಡನೇ ಮಹಡಿ. ಹಾಲ್‌ನಲ್ಲಿ ಸೋಫಾ, ಟೀವಿ ಸ್ಟ್ಯಾಂಡ್, ನನ್ನ ಆಫೀಸ್ ಟೇಬಲ್ ಬಿಟ್ಟರೆ ಮಕ್ಕಳಿಗೆ ಉಳಿಯೋದು ಒಂದು ಡಬಲ್ ಕಾಟ್‌ನಷ್ಟು ಜಾಗ. ಮಗಳು ಒಂದನೇ ಕ್ಲಾಸು. ತಮ್ಮನಿಗೆ ಹೊರಗಿಲ್ಲ ಅಂದ್ರೆ ತನಗೂ ಇಲ್ಲ ಅಂತ ಅವಳ ಲೆಕ್ಕ, ಅದೇನೂ ತ್ಯಾಗ ಅಲ್ಲ, ಅವನು ಮನೆಯಲ್ಲಿ ತನ್ನ ಸಾಮಾನು ಮುಟ್ತಾನೆ ಅನ್ನೋ ಭಯ. ವಾರಕ್ಕೆ ಎರಡು ದಿನ ನನಗೆ ಮನೆಯಿಂದ ಕೆಲಸ. ಕೆಳಗಿನ ಮನೆಯವರಿಗೆ ಸದ್ದಾಗಬಾರದು. ಇಷ್ಟರ ಮಧ್ಯೆ ಇಬ್ಬರನ್ನೂ ಆಡಿಸಬೇಕು. ನಿಮ್ಮಲ್ಲಿ ಅರ್ಧ ಜನಕ್ಕೆ ಈ ನಕ್ಷೆ ಚೆನ್ನಾಗಿ ಗೊತ್ತು ಅಂದ್ಕೋತೀನಿ.

ಆನ್‌ಲೈನ್‌ನಲ್ಲಿ ಸಿಗೋ ಐಡಿಯಾಗಳನ್ನೆಲ್ಲ ನಾವೂ ಮಾಡಿದೀವಿ. ಬಣ್ಣದ ಅಕ್ಕಿ, ಹತ್ತಿ ಉಂಡೆಯ ಸ್ನೋಮ್ಯಾನ್ (ಹಿಮವನ್ನೇ ನೋಡಿರದ ಮಕ್ಕಳಿಗೆ!), ಡಬ್ಬಿಯಲ್ಲಿ ಬರೋ ಕ್ರಾಫ್ಟ್ ಕಿಟ್ಟು. ನನ್ನ ಮೀಟಿಂಗ್ ಕ್ಯಾಲೆಂಡರ್ ಪಕ್ಕದಲ್ಲೇ ಇರೋದರಿಂದ ಸಮಯದ ಲೆಕ್ಕ ಪಕ್ಕಾ ಇದೆ. ತಯಾರಿಗೆ ನನಗೆ ನಲವತ್ತು ನಿಮಿಷ, ಆಡೋಕೆ ಅವರಿಗೆ ಹನ್ನೆರಡು ನಿಮಿಷ, ಗುಡಿಸೋಕೆ ಮತ್ತೆ ನನಗೆ ಇಪ್ಪತ್ತು. ಬೆಡ್‌ಶೀಟ್ ಗುಡಾರ ಮಾತ್ರ ಪರವಾಗಿಲ್ಲ, ಎರಡು ಕುರ್ಚಿ ನಡುವೆ ದುಪ್ಪಟಿ ಹಾಸಿ ಕೊಟ್ಟರೆ ಮುಕ್ಕಾಲು ಗಂಟೆ. ಒಳಗೊಂದು ಟಾರ್ಚ್ ಇಟ್ಟರೆ ಇನ್ನೊಂದು ಕಾಲು ಗಂಟೆ.

ಫೋನ್ ಕೊಡ್ತೀರಾ ಅಂತ ಕೇಳಿದ್ರೆ, ಕೊಡ್ತೀನಿ. ಕ್ಲೈಂಟ್ ಕಾಲ್ ಇರೋವಾಗ ಕೊಡ್ತೀನಿ, ಅದರಲ್ಲಿ ಮುಚ್ಚುಮರೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೇದು ಅಂತ. ನಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿಯೂ ಅದೇ ಮಿತಿ ಹಾಕಿದೆ. ಆ ಒಂದು ಗಂಟೆಯನ್ನ ನಾನು ರೇಷನ್ ಅಕ್ಕಿ ಥರ ಅಳೆದು ಬಳಸ್ತೀನಿ. ತಕರಾರು ಇರೋದು ಉಳಿದ ಹನ್ನೊಂದು ಗಂಟೆಯದ್ದು.

ಇಲ್ಲಿ ಅತ್ತೆಯ ವಿಷಯ ಹೇಳಬೇಕು.

ಅತ್ತೆ ಕುಣಿಗಲ್ ಕಡೆಯವರು. ಮಾವ ಹೋಗಿ ಎರಡು ವರ್ಷ. ಹೊಲ ವಾರಕ್ಕೆ ಕೊಟ್ಟಿದೆ. ಹೋದ ನವೆಂಬರ್‌ನಲ್ಲಿ ಇವರು ಊರಿಗೆ ಹೋಗಿ, "ಚಳಿಗಾಲ ಕಳೆಯೋವರೆಗಾದ್ರೂ ಬಾಮ್ಮ, ಮಕ್ಕಳಿಗೂ ಆಗುತ್ತೆ" ಅಂತ ಕರ್ಕೊಂಡು ಬಂದರು. ಬಂದ ಮೊದಲ ವಾರ ಚೆನ್ನಾಗೇ ಇದ್ರು. ಆಮೇಲಾಮೇಲೆ ಬಾಲ್ಕನಿ ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಶಾಲು ಹೊದ್ದು, ಎದುರಿನ ಬಿಲ್ಡಿಂಗಿನ ನೀರಿನ ಟ್ಯಾಂಕ್ ನೋಡ್ತಾ ಕೂರೋಕೆ ಶುರು ಮಾಡಿದ್ರು. ಅಡುಗೆಗೆ ಬಂದರೆ ಗ್ಯಾಸ್ ಲೈಟರ್ ಹತ್ತಲ್ಲ, ಮಿಕ್ಸಿ ಸದ್ದು ಆಗಲ್ಲ. ಮಕ್ಕಳು ಹತ್ತಿರ ಹೋಗಿ ಕ್ರಾಫ್ಟ್ ಕಿಟ್ಟು ತೋರಿಸಿದರೆ, "ನಂಗೆ ಇವೆಲ್ಲ ಬರಾಕಿಲ್ಲ ಮಗ, ನಿಮ್ಮಮ್ಮನ್ನ ಕೇಳು" ಅನ್ನೋರು. ಒಂದು ದಿನ ರಾತ್ರಿ ಊಟದ ಹೊತ್ತಿಗೆ ಮೆಲ್ಲಗೆ ಹೇಳಿದರು, "ಬಸ್ ಹತ್ತಿಸ್ಬುಡ್ರಪ್ಪ. ನಾನಿಲ್ಲಿ ಸುಮ್ನೆ ಕುಂತು ಉಣ್ಣಾದೇ ಆಯ್ತು."

ನನಗೆ ಎದೆ ಧಸಕ್ ಅಂತು. ಅದರಲ್ಲಿ ಸ್ವಾರ್ಥವೂ ಇತ್ತು. ಅವರಿಲ್ಲದಿದ್ದರೆ ಪುಟ್ಟನ ರಜೆಯ ದಿನಗಳಿಗೆ ಡೇ ಕೇರ್, ಡೇ ಕೇರ್ ಅಂದ್ರೆ ಹತ್ತು ಮಕ್ಕಳ ನೆಗಡಿ, ನೆಗಡಿ ಅಂದ್ರೆ ಮತ್ತೆ ನೆಬುಲೈಸರ್. ಇಲ್ಲದಿದ್ದರೆ ನಾನು ಕೆಲಸ ಬಿಡೋ ಮಾತು. ಆದರೆ ಅದಷ್ಟೇ ಆಗಿರಲಿಲ್ಲ. ಎಪ್ಪತ್ತು ವರ್ಷ ಕೈ ಖಾಲಿ ಇಟ್ಟುಕೊಂಡು ಕೂತವರೇ ಅಲ್ಲದ ಹೆಂಗಸು ನನ್ನ ಹಾಲ್‌ನಲ್ಲಿ ದಿನೇ ದಿನೇ ಮೌನವಾಗ್ತಾ ಇರೋದು ಕಣ್ಣಿಗೆ ಕಾಣ್ತಿತ್ತು. ಒಂದೇ ಮನೆಯಲ್ಲಿ ಚಳಿಗೆ ಸಿಕ್ಕಿಹಾಕಿಕೊಂಡವರು ಇಬ್ಬರಲ್ಲ, ಮೂವರು.

ಆಗ ಬಂತು ನೋಡಿ ಫೆಂಗಲ್ ಚಂಡಮಾರುತ. 2024ರ ನವೆಂಬರ್ 30ರ ರಾತ್ರಿ ಅದು ಪುದುಚೇರಿ ಹತ್ತಿರ ದಡ ದಾಟಿತು, ಮರುದಿನದಿಂದ ನಮ್ಮಲ್ಲಿ ಜಡಿ. ಮಳೆ ಅಂತ ಕರೆಯೋಕೂ ಆಗದ, ನಿಲ್ಲೋದೂ ಇಲ್ಲದ, ಬಟ್ಟೆ ಒಣಗದ ಆ ಬೆಂಗಳೂರಿನ ಜಡಿ. ಸೂರ್ಯ ಎಲ್ಲಿದ್ದಾನೆ ಅಂತ ಗೊತ್ತಿಲ್ಲ, ಪುಟ್ಟ ಪೂರ್ತಿ ಒಳಗೆ. ಇವರು ಭಾನುವಾರ ಹಾಲು ತರೋಕೆ ಹೋದವರು ಉತ್ತರಹಳ್ಳಿ ಮೇನ್ ರೋಡಲ್ಲಿ ಟಾರ್ಪಾಲಿನ ಕೆಳಗೆ ಗುಡ್ಡೆ ಹಾಕಿದ್ದ ಅವರೆಕಾಯಿ ಕಂಡು ಐದು ಕೆಜಿ ಹೊತ್ಕೊಂಡು ಬಂದರು. ಸೀಸನ್ ಆಗಷ್ಟೇ ಶುರುವಾಗಿತ್ತು, ರೇಟಿನ್ನೂ ಇಳಿದಿರಲಿಲ್ಲ. ಯಾರು ಸುಲಿಯೋದು ಇಷ್ಟನ್ನ ಅಂತ ನಾನು ಬಾಯಿ ತೆಗೆಯೋ ಮುಂಚೆ ಅತ್ತೆ ಕುರ್ಚಿಯಿಂದ ಎದ್ದು ಬಂದು ಒಂದು ಕಾಯಿ ಎತ್ತಿ ಮೂಸಿದರು. "ಸೊಗಡಿದೆ" ಅಂದರು. ಎರಡು ವಾರದಲ್ಲಿ ಅವರ ಮುಖದಲ್ಲಿ ಮೊದಲ ಸಲ ಒಂದು ಅಭಿಪ್ರಾಯ ಕಾಣಿಸ್ತು.

ಸೊಗಡು ಅಂದ್ರೆ ಏನು ಅಂತ ಅವರು ಮಗಳಿಗೆ ಹೇಳಿಕೊಟ್ಟಿದ್ದನ್ನ ನಾನೂ ಟೇಬಲ್ಲಿಂದಲೇ ಕೇಳಿಸಿಕೊಂಡೆ. ಕಾಯಿ ಮೇಲೆ ಎಣ್ಣೆ ಎಣ್ಣೆಯಾಗಿ ಅಂಟೋ ಪಸೆ ಇರುತ್ತಲ್ಲ, ಘಮ ಇರೋದು ಅದರಲ್ಲಿ. ಚಳಿ ಬಿದ್ದು, ಇಬ್ಬನಿ ಕುಡಿದ ಕಾಯಲ್ಲಿ ಅದು ಜಾಸ್ತಿ ಅನ್ನೋದು ಅವರ ಮಾತು. ನಮ್ಮ ಹಳೆಯ ನಾಟಿ ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡೋ ಗಿಡ, ಅದಕ್ಕೇ ಅದು ಚಳಿಗಾಲದ ಕಾಯಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದದ ಹಂಗಿಲ್ಲದ 'ಹೆಬ್ಬಾಳ ಅವರೆ' ತಳಿಗಳನ್ನ ಬೆಳೆಸಿರೋದರಿಂದ ಈಗ ವರ್ಷವಿಡೀ ಕಾಯಿ ಸಿಗುತ್ತೆ. ಅದನ್ನ ಅತ್ತೆ ಹತ್ರ ಹೇಳಿದರೆ, "ಸಿಗ್ತದೆ, ಮೂಸಿ ನೋಡು" ಅಷ್ಟೇ ಉತ್ತರ.

ಹಳೇ ಚಾಪೆ, ಅದರ ಮೇಲೆ ಕಂಬಳಿ, ಮಧ್ಯೆ ಕಾಯಿಯ ಗುಡ್ಡೆ. ಮೂವರೂ ಕೂತರು. ಮಗಳು ಒಂದೊಂದು ಕಾಯಿ ಬಿಡಿಸೋ ಮುಂಚೆ ಒಳಗೆಷ್ಟು ಕಾಳು ಇದೆ ಅಂತ ಬೆರಳಲ್ಲಿ ಒತ್ತಿ ಊಹಿಸೋ ಆಟ ಕಂಡುಹಿಡಿದಳು. ಪುಟ್ಟ ಸಿಪ್ಪೆಯನ್ನ ದೋಣಿ ಮಾಡಿದ. ಮೊದಲ ಹುಳು ಸಿಕ್ಕಾಗ ಎದ್ದ ಕೂಗಿಗೆ ನಾನು ಮೀಟಿಂಗ್ ಮ್ಯೂಟ್ ಮಾಡಿ ಓಡಿ ಬಂದೆ. ಹಸಿರು ಹುಳು, ದಪ್ಪಗೆ, ಅವರೆಕಾಯಿಯಷ್ಟೇ ಬಣ್ಣ. ಮಗಳು ಸೋಫಾ ಮೇಲೆ. ಪುಟ್ಟ ಮಾತ್ರ ಅದನ್ನ ಸಿಪ್ಪೆಯ ದೋಣಿಯಲ್ಲಿ ಕೂರಿಸಿ, "ಹುಳುಗೆ ಸ್ವೆಟರ್ ಇಲ್ಲ" ಅಂತ ಚಿಂತೆಗೆ ಬಿದ್ದಿದ್ದ. ಅತ್ತೆ ನಗ್ತಾ ಇದ್ರು. ಸದ್ದು ಮಾಡಿ ನಗ್ತಾ ಇದ್ರು. ಅಲ್ಲಿಂದ ಮುಂದೆ ಹುಳು ಹುಡುಕೋದೇ ಮುಖ್ಯ ಕೆಲಸ, ಅವರೆಕಾಯಿ ನೆಪ. ನಾನು ಗಡಿಯಾರ ನೋಡಿದೆ: ಎರಡು ಗಂಟೆ ಹತ್ತು ನಿಮಿಷ. ಯಾವ ಕಿಟ್ಟೂ ಇಲ್ಲಿತನಕ ಮುಟ್ಟದ ದಾಖಲೆ.

ಕಾಳನ್ನ ರಾತ್ರಿ ನೀರಿಗೆ ಹಾಕಿಟ್ಟು ಸೋಮವಾರ ಹಿತಕೋ ಕೆಲಸ. ಗೊತ್ತಿಲ್ಲದವರಿಗೆ: ನೆನೆದ ಕಾಳನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಲಿ ಉಳಿದು ಬೇಳೆ ಪುಳಕ್ ಅಂತ ಹಾರುತ್ತೆ. ಸಣ್ಣ ಮಕ್ಕಳ ಬೆರಳಿಗೆ ಇದಕ್ಕಿಂತ ಒಳ್ಳೇ ಕಸರತ್ತು ನಾನು ಕಂಡಿಲ್ಲ. ಪೆನ್ಸಿಲ್ ಹಿಡಿಯೋಕೆ ಬೇಕಾಗಿರೋದೂ ಇದೇ ಎರಡು ಬೆರಳ ಹಿಡಿತ. ಮೊದಲ ಹತ್ತು ಕಾಳು ನನ್ನ ಲ್ಯಾಪ್‌ಟಾಪ್ ಮೇಲೆ, ಫ್ಯಾನಿನ ಮೇಲೆ, ದೇವರ ಮನೆ ಬಾಗಿಲಿಗೆ. ಆಮೇಲೆ ಗುರಿ ಸಿಕ್ಕಿತು, ಸ್ಟೀಲ್ ಬೋಗುಣಿಗೆ ಟಣ್ ಟಣ್ ಅಂತ ಬೀಳೋಕೆ ಶುರುವಾಯ್ತು. ಸಂಜೆ ಹಿತಕಿದ ಬೇಳೆ ಸಾರು, ರಾಗಿಮುದ್ದೆ. ತರಕಾರಿ ಕಂಡರೆ ಬಾಯಿ ಮುಚ್ಚೋ ಪುಟ್ಟ ಪ್ರತಿ ಬೇಳೆಯನ್ನೂ "ಇದು ನಾನು ಮಾಡಿದ್ದು, ಇದು ಅಕ್ಕ ಮಾಡಿದ್ದು" ಅಂತ ಆರಿಸಿ ಆರಿಸಿ ತಿಂದ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ, ಮುಂದೆ ಮರೆತರೆ ಕಷ್ಟ. ಕಾಳು ಅಂದ್ರೆ ಸಣ್ಣ ಮಕ್ಕಳ ಮೂಗು, ಬಾಯಿಗೆ ಹೇಳಿ ಮಾಡಿಸಿದ ಸೈಜು. ನಾಲ್ಕೈದು ವರ್ಷದೊಳಗಿನ ಮಕ್ಕಳ ಉಸಿರುನಾಳಕ್ಕೆ ಹೋಗಿ ಸಿಕ್ಕಿಕೊಳ್ಳೋ ವಸ್ತುಗಳಲ್ಲಿ ಕಡಲೆಬೀಜ, ಕಾಳುಗಳದ್ದೇ ದೊಡ್ಡ ಪಾಲು. ಹುಷಾರಾಗಿದ್ದ ಮಗು ಆಡ್ತಾ ಆಡ್ತಾ ಇದ್ದಕ್ಕಿದ್ದ ಹಾಗೆ ಕೆಮ್ಮಿ, ಎದೆಯ ಒಂದೇ ಕಡೆ ಸೀಟಿ ಸದ್ದು ಬಂದರೆ ಡಾಕ್ಟರ್‌ಗಳು ಮೊದಲು ಅನುಮಾನಿಸೋದು ಇದನ್ನೇ. ವೀಜಿಂಗ್ ಇರೋ ಮಗುವಿನ ಮನೆಯಲ್ಲಿ "ಮಾಮೂಲಿ ಉಬ್ಬಸ" ಅಂತ ತಡ ಮಾಡೋ ಅಪಾಯ ಬೇರೆ. ಪುಟ್ಟ ಕೂರೋದು ಅಜ್ಜಿಯ ಎರಡು ಕಾಲ ನಡುವೆ, ಅವನ ಮುಂದೆ ಒಂದು ಸಲಕ್ಕೆ ಹತ್ತೇ ಕಾಳು, ಹಸಿಕಾಳು ಬಾಯಿಗಿಲ್ಲ, ಅಜ್ಜಿ ಎದ್ದರೆ ಬೋಗುಣಿಯೂ ಏಳುತ್ತೆ. ಒಬ್ಬ ದೊಡ್ಡವರು ಪೂರ್ತಿ ಅಲ್ಲೇ ಕೂರೋಕೆ ಆಗಲ್ಲ ಅಂದ್ರೆ ಈ ಆಟ ಬೇಡ.

ಆ ವಾರ ನಾನು ಅತ್ತೆಯನ್ನ ಕೇಳಿದೆ, ಇವರು ಚಿಕ್ಕವರಿದ್ದಾಗ ಚಳಿಗಾಲದಲ್ಲಿ ಹೆಂಗೆ ಆಡಿಸ್ತಿದ್ರಿ ಅಂತ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಮಕ್ಳನ್ನ ಆಡ್ಸಾದು ಅಂತ ಬ್ಯಾರೆ ಕೆಲ್ಸ ಎಲ್ಲಿತ್ತು ಕಣವ್ವ. ನಾವು ಕೆಲ್ಸ ಮಾಡ್ತಿದ್ವಿ, ಅವು ಪಕ್ಕದಾಗೆ ಇರ್ತಿದ್ವು." ರಾಗಿ ಕಟಾವಾಗಿ ಕಣಕ್ಕೆ ಬರೋ ಕಾಲ ಅದು. ಬೆಳಗಿನ ಚಳಿಗೆ ಹುಲ್ಲಿನ ಮೆದೆಯ ಒಳಗೆ ಗೂಡು ಮಾಡ್ಕೊಂಡು ಕೂತಿರ್ತಿದ್ವಂತೆ ಮಕ್ಕಳು. ಬಿಸಿಲು ಬಂದ ಮೇಲೆ ಹೊರಗೆ ಬಂದು ಕಾಳು ಆರಿಸೋದು, ಕೋಳಿ ಓಡಿಸೋದು. ಓಡಿಸಿದ್ದಕ್ಕಿಂತ ಕೋಳಿ ಹಿಂದೆ ಓಡಿದ್ದೇ ಹೆಚ್ಚು.

ಆ ಕಾಲ ಸ್ವರ್ಗ ಅಂತ ನಾನು ಹೇಳೋಕೆ ಹೊರಟಿಲ್ಲ. ಅದೇ ಪಕ್ಕದಲ್ಲಿ ಬಿಟ್ಟ ಮಕ್ಕಳು ಒಲೆಗೆ ಕೈ ಇಟ್ಟ, ತೊಟ್ಟಿಗೆ ಬಿದ್ದ ಕಥೆಗಳೂ ಅತ್ತೆ ಹತ್ರ ಬೇಕಾದಷ್ಟಿವೆ. ಆದರೂ ಆ ಮಾತು ನನ್ನ ತಲೆಯಲ್ಲಿ ಉಳಿತು. ನಾನು ಮಾಡೋ ಕೆಲಸ ಒಂದು ಪರದೆಯ ಹಿಂದೆ ಇದೆ, ಪುಟ್ಟನಿಗೆ ಅದರಲ್ಲಿ ಹಿಡಿಯೋಕೆ ಒಂದು ತುದಿಯೂ ಇಲ್ಲ. "ಅಮ್ಮ ಏನ್ ಮಾಡ್ತಾಳೆ?" ಅಂದ್ರೆ "ಟಕ ಟಕ" ಅಂತಾನೆ. ಮನೆಯ ಉಳಿದ ಕೆಲಸವನ್ನೂ ಯಂತ್ರಕ್ಕೋ ಕೆಲಸದವರಿಗೋ ಆ್ಯಪ್‌ಗೋ ಒಪ್ಪಿಸಿ, ಖಾಲಿಯಾದ ಜಾಗಕ್ಕೆ ಆಟದ ಸಾಮಾನು ತರಿಸ್ತೀವಿ. ಆಫೀಸು ಬಿಡೋಕಾಗಲ್ಲ, ವಾಷಿಂಗ್ ಮಷೀನೂ ಬಿಡಲ್ಲ ನಾನು, ಅದು ಖಂಡಿತ. ನಮ್ಮಲ್ಲಿ ಬದಲಾಗಿದ್ದು ಇಷ್ಟೇ: ಕತ್ತರಿಸಿದ ತರಕಾರಿ ತರಿಸೋದನ್ನ ನಿಲ್ಲಿಸಿದ್ವಿ. ಬೆಳ್ಳುಳ್ಳಿ ಸಿಪ್ಪೆ, ಬಟಾಣಿ, ಮೆಂತ್ಯ ಸೊಪ್ಪು ಬಿಡಿಸೋದು, ಒಗೆದ ಸಾಕ್ಸಿನ ಜೋಡಿ ಹುಡುಕೋದು, ಇದೆಲ್ಲ ಈಗ ಬೆಳಗ್ಗೆ ಏಳೂವರೆಯಿಂದ ಒಂಬತ್ತರ ತನಕ ಚಾಪೆ ಮೇಲೆ ನಡೆಯುತ್ತೆ. ಕೆಲಸ ಬೇಗ ಆಗಲ್ಲ. ಮೆಂತ್ಯದಲ್ಲಿ ಅರ್ಧ ಕಡ್ಡಿ ಇರುತ್ತೆ. ಪಲ್ಯ ತಿನ್ನೋವಾಗ ಇವರು ಮುಖ ಕಿವುಚಿದರೆ ಅತ್ತೆ ಮಗನ ಕಡೆ ಒಂದು ನೋಟ ಎಸೀತಾರೆ, ಅಲ್ಲಿಗೆ ಮುಗೀತು.

ಚೌಕಾಬಾರ ಬಂದಿದ್ದು ಕ್ರಿಸ್‌ಮಸ್ ರಜೆಯಲ್ಲಿ. ನಾನು ಹಾವು ಏಣಿ ಬೋರ್ಡ್ ತರಿಸೋಕೆ ಫೋನ್ ತೆಗೆದಿದ್ದೆ. ಅತ್ತೆ ಸೀಮೆಸುಣ್ಣ ಕೇಳಿ ನೆಲದ ಮೇಲೆ ಐದು ಅಡ್ಡ ಐದು, ಇಪ್ಪತ್ತೈದು ಮನೆ ಬರೆದು, ನಾಲ್ಕೂ ಬದಿಯ ನಡುವಿನ ಮನೆಗೆ ಮತ್ತು ಮಧ್ಯದ ಮನೆಗೆ ಅಡ್ಡಗೆರೆ ಹಾಕಿದರು. ಕವಡೆ ಇರಲಿಲ್ಲ. ಹುಣಸೆ ಬೀಜವನ್ನ ಬಾಲ್ಕನಿಯ ಸಿಮೆಂಟಿಗೆ ತೇಯ್ದು ಒಂದು ಮಗ್ಗುಲು ಬೆಳ್ಳಗೆ ಮಾಡೋ ಕೆಲಸ ಮಗಳದ್ದು, ಅದಕ್ಕೇ ಒಂದು ಬೆಳಗ್ಗೆ ಹೋಯ್ತು. ನಾಲ್ಕು ಬೀಜವೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು, ಮತ್ತೆ ಇನ್ನೊಂದು ಆಟ. ಹೊರಸುತ್ತು ಒಂದು ದಿಕ್ಕು, ಒಳಸುತ್ತು ಅದರ ಎದುರು ದಿಕ್ಕು, ಒಂದು ಕಾಯನ್ನಾದರೂ ಹೊಡೆಯದೆ ಒಳಗೆ ಪ್ರವೇಶ ಇಲ್ಲ. ಕೂಡೋದು, ಕಾಯೋದು, ಯಾವ ಕಾಯಿ ನಡೆಸೋದು ಅಂತ ಯೋಚನೆ ಮಾಡೋದು ಎಲ್ಲ ಇದರಲ್ಲೇ ಇದೆ. ಅತ್ತೆ ಮೊಮ್ಮಗಳು ಅಂತ ಕನಿಕರ ತೋರಿಸೋ ಪೈಕಿ ಅಲ್ಲ. ಹಣ್ಣಾಗೋಕೆ ಒಂದೇ ಮನೆ ಇದ್ದ ಕಾಯನ್ನ ಹೊಡೆದು ಹೊರಗೆ ಹಾಕಿದಾಗ ಮಗಳು ಹೋಗಿ ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಅತ್ತಳು. ನಾನು ಮಧ್ಯೆ ಹೋಗಲಿಲ್ಲ. ಹತ್ತು ನಿಮಿಷಕ್ಕೆ ವಾಪಸ್ ಬಂದು ಬೀಜ ಎತ್ಕೊಂಡಳು. ಪುಟ್ಟನಿಗೆ ನಿಯಮ ಗೊತ್ತಿಲ್ಲ, ಅವನ ಕೆಲಸ ಬೀಜ ಬಿದ್ದ ಕೂಡಲೇ "ಬಾರಾಆಆ" ಅಂತ ಕೂಗೋದು, ಏನೇ ಬಿದ್ದಿರಲಿ.

ಮನೆಯೊಳಗೆ ಕೂತು ಆಡೋ ಆಟಗಳ ವಿಷಯದಲ್ಲಿ ನಮ್ಮ ನಾಡು ಬಡ ನಾಡೇನಲ್ಲ. ಕರಾವಳಿಯವರು ಆಟಿ ತಿಂಗಳ ಮಳೆಗೆ ಚೆನ್ನೆಮಣೆ ತೆಗೀತಾರೆ. ಅದೇ ನಮ್ಮ ಕಡೆ ಅಳಗುಳಿಮಣೆ, ಏಳು ಏಳು ಹದಿನಾಲ್ಕು ಗುಳಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಮಣೆಯಾಟಗಳ ಹುಚ್ಚು, ತಾವೇ ಹೊಸ ಆಟ ಕಟ್ಟಿದವರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅಂತ ಇವುಗಳದ್ದೇ ಪ್ರದರ್ಶನ ಮಾಡ್ತಾ ಬಂದಿದ್ದಾರೆ, ಮೈಸೂರಿಗೆ ಹೋದಾಗ ವಿಚಾರಿಸಿ. ಅಲ್ಲಿಯ ಕಸೂತಿಯ ಹಾಸು ಚೆಂದ. ಆದರೆ ಮೂರೂವರೆ ವರ್ಷದವನು ಹಾಲು ಚೆಲ್ಲೋ ಮನೆಗೆ ಸೀಮೆಸುಣ್ಣವೇ ವಾಸಿ.

ಕೂತು ಆಡಿದ್ದಾಯ್ತು, ಮೈಯ ಕಥೆ ಏನು? ಪುಟ್ಟನ ವಯಸ್ಸಿನವರಿಗೆ ದಿನಕ್ಕೆ ಮೂರು ಗಂಟೆಯಷ್ಟು ಓಡಾಟ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅದರಲ್ಲಿ ಒಂದು ಗಂಟೆಯಾದರೂ ಏದುಸಿರು ಬರೋ ಥರದ್ದು. ಏದುಸಿರು ಅಂದ್ರೇ ನನಗೆ ಭಯ, ಆದರೆ ಡಾಕ್ಟರ್ ಖಡಾಖಂಡಿತವಾಗಿ ಹೇಳಿದಾರೆ: ವೀಜಿಂಗ್ ಹತೋಟಿಯಲ್ಲಿದ್ದರೆ ಮಗು ಓಡಬೇಕು, ಇನ್ಹೇಲರ್ ಇರೋದೇ ಅವನು ಓಡಲಿ ಅಂತ. ಹಾಲ್‌ನ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ ಕುಂಟೆಬಿಲ್ಲೆ ಮಾಡಿದ್ವಿ. ಎರಡನೇ ದಿನ ಕೆಳಗಿನ ಮನೆಯವರು ಬಂದರು. ಜಗಳ ಆಡಲಿಲ್ಲ, ಮನೆಯಲ್ಲಿ ರಾತ್ರಿ ಪಾಳಿ ಮಾಡಿ ಮಲಗೋರಿದ್ದಾರೆ ಅಂದರು. ನ್ಯಾಯವೇ. ಈಗ ಕುಣಿತ ಕುಂಟಾಟ ಎಲ್ಲ ಹನ್ನೊಂದು ಗಂಟೆಗೆ ಟೆರೇಸ್ ಮೇಲೆ, ಬಿಸಿಲಲ್ಲಿ, ಒಣಗಿ ಹಾಕಿದ ಬಟ್ಟೆಗಳ ನಡುವೆ. ಆ ಹೊತ್ತಲ್ಲಿ ಮನೆಯ ಎಲ್ಲ ಕಿಟಕಿ ತೆಗೆದಿಡ್ತೀವಿ. ಚಳಿ ಅಂತ ದಿನವಿಡೀ ಮುಚ್ಚಿಟ್ಟ ಮನೆಯಲ್ಲಿ ಒಬ್ಬರ ವೈರಸ್ ಎಲ್ಲರಿಗೂ ಹಂಚಿಕೆಯಾಗುತ್ತೆ.

ಜನವರಿ 6ರಂದು ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಸಿಕ್ಕಿದೆ ಅನ್ನೋ ಸುದ್ದಿ ಬಂದಾಗ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಗಾಬರಿಯೋ ಗಾಬರಿ, ಕೆಳಗಿನ ಉಯ್ಯಾಲೆ ವಾರಗಟ್ಟಲೆ ಖಾಲಿ. ಅದು ಹಳೆಯ ವೈರಸ್ಸೇ, ಹೊಸದಲ್ಲ ಅಂತ ಸರ್ಕಾರ ಹೇಳಿದರೂ ಅಷ್ಟೇ. ಅದೇ ವಾರ ಒಂದು ರಾತ್ರಿ ಎರಡು ಗಂಟೆಗೆ ಆ ಸೀಟಿ ಸದ್ದು ಕೇಳಿಸ್ತು. ನಾನು ಎದ್ದು ಇನ್ಹೇಲರ್, ಸ್ಪೇಸರ್, ಮಾಸ್ಕ್ ತರೋ ಹೊತ್ತಿಗೆ ಅತ್ತೆ ಅವನನ್ನ ತೊಡೆ ಮೇಲೆ ನೇರ ಕೂರಿಸ್ಕೊಂಡಿದ್ರು. ಕಳೆದ ವರ್ಷ ಮಾಸ್ಕ್ ಕಂಡರೆ ಕೈಕಾಲು ಬಡೀತಿದ್ದ. ಈ ಸಲ ಅಜ್ಜಿ ಅವನ ಕಿವಿ ಹತ್ರ ಎಣಿಸ್ತಿದ್ರು, ಕಾಯಿ ಒತ್ತಿ ಕಾಳು ಎಣಿಸ್ತಾರಲ್ಲ ಹಾಗೆ, ಒಂದೊಂದು ಉಸಿರಿಗೆ ಒಂದು. ಅವನು ಮಾಸ್ಕ್ ಒಳಗಿಂದಲೇ ಅಜ್ಜಿಯ ಬಾಯಿ ನೋಡ್ತಾ ಉಸಿರಾಡಿದ. ಬೆಳಗಿನ ಜಾವದ ಹೊತ್ತಿಗೆ ಸದ್ದು ಇಳಿದಿತ್ತು, ಆಸ್ಪತ್ರೆಗೆ ಹೋಗೋ ಪ್ರಮೇಯ ಬರಲಿಲ್ಲ. ಬೆಳಗ್ಗೆ ಡಾಕ್ಟರ್‌ಗೆ ತೋರಿಸಿ ಬಂದ್ವಿ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಈ ವರ್ಷ ಅಂಗಡಿ ಪ್ಯಾಕೆಟ್ ತರಲಿಲ್ಲ. ಕೊಬ್ಬರಿ, ಬೆಲ್ಲ ಕತ್ತರಿಸಿದ್ದು ಅತ್ತೆ ಮತ್ತು ನಾನು. ಹುರಿದ ಕಡಲೆಬೀಜದ ಸಿಪ್ಪೆ ಉಜ್ಜಿ ಊದೋ ಕೆಲಸ ಮಕ್ಕಳದ್ದು, ಬೀಜ ಬಾಯಿಗಿಲ್ಲ ಅನ್ನೋ ಪುಟ್ಟನ ಕಾನೂನು ಇದ್ದೇ ಇತ್ತು. ಊದಿದ ಸಿಪ್ಪೆ ಮೂರು ದಿನ ಮನೆ ತುಂಬಾ ಹಾರಾಡ್ತು. ಹಂಚೋಕೆ ಮೊದಲು ಹೋಗಿದ್ದು ಕೆಳಗಿನ ಮನೆಗೆ. ಪುಟ್ಟ ಪೊಟ್ಟಣ ಕೊಟ್ಟು, ಕೇಳದೇ ಇದ್ರೂ, "ನಾವು ಕುಣಿಯಲ್ಲ" ಅಂತ ಭರವಸೆ ಕೊಟ್ಟು ಬಂದ.

ಶಿವರಾತ್ರಿ ಬಂದರೆ ಚಳಿ ಶಿವ ಶಿವ ಅಂತ ಓಡುತ್ತೆ ಅಂತಾರೆ, ಅಲ್ಲಿವರೆಗೂ ಅತ್ತೆ ಇರ್ತಾರಂತೆ. ಆಮೇಲೆ ಊರು, ಅದರಲ್ಲಿ ಮಾತಿಲ್ಲ. ಮೊನ್ನೆ ನಾನು ಕಾಲ್‌ನಲ್ಲಿದ್ದಾಗ ಅವರೂ ಫೋನಲ್ಲಿದ್ರು, ಹೊಲ ಮಾಡೋನ ಜೊತೆ. ಅವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಇಡೀ ಬಿಲ್ಡಿಂಗಿಗೆ ಕೇಳಿಸ್ತು: "ಮುಂದಿನ್ ಸಲಿ ರಾಗಿ ಬಿತ್ತೋವಾಗ ಅಕ್ಕಡಿ ಸಾಲು ತಪ್ಪಿಸ್ಬ್ಯಾಡ ಕಣಪ್ಪ. ನಾಟಿ ಅವರೇನೇ ಹಾಕು. ಒಂದು ಮೂಟೆ ಉತ್ತರಳ್ಳಿಗೆ ಬೇಕು. ಔಸ್ದಿ ಒಡೀಬ್ಯಾಡ, ಹುಳ ಇರ್ಲಿ."